ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸ್ಕ್ರಿಪ್ಟ್ ಲಿನಕ್ಸ್ ಶುರುವಾಗುವಾಗ ತಾನಾಗಿ ಓಡುವಂತೆ ಮಾಡುವ ಬಗೆ

ಗ್ರಾಫಿಕ್ಸ್ ಕಾರ್ಡು ತಯಾರಿಸುವ ಕಂಪನಿಗಳು ಫ್ಯಾನಿನ ವೇಗವನ್ನು ಗೊತ್ತುಮಾಡುವಾಗ ಸಾಮಾನ್ಯವಾಗಿ ಸದ್ದು ಕಡಿಮೆ ಇರಲಿ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತವೆ. ಇಂದಿನ ಅನೇಕ ಕಾರ್ಡುಗಳಲ್ಲಿ ಚಿಪ್ಪು ಸಾಕಷ್ಟು ಬಿಸಿಯಾಗುವವರೆಗೆ ಫ್ಯಾನು ತಿರುಗುವುದೇ ಇಲ್ಲ. ಎಸಿ ಹಾಕಿದ ಕೋಣೆಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಕಾರವಾರದ ಸೆಕೆಯಲ್ಲಿ, ಬೆಳಗಿನವರೆಗೆ ನಡೆದ ಯಕ್ಷಗಾನದ ವಿಡಿಯೋವನ್ನು ರೆಂಡರ್ ಮಾಡಲು ಹಚ್ಚಿಟ್ಟ ಕಂಪ್ಯೂಟರಿನಲ್ಲಿ, ಕಾರ್ಡು ಗಂಟೆಗಟ್ಟಲೆ ತನ್ನ ಉಷ್ಣತೆಯ ಮಿತಿಯ ಅಂಚಿನಲ್ಲೇ ಕೆಲಸ ಮಾಡುತ್ತಿರುತ್ತದೆ ಮತ್ತು ಮಿತಿಯನ್ನು ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಂಥಲ್ಲಿ ಫ್ಯಾನನ್ನು ಸ್ವಲ್ಪ ಬೇಗ ಶುರುಮಾಡಿ ಸ್ವಲ್ಪ ಜೋರಾಗಿ ತಿರುಗಿಸುವ ಚಿಕ್ಕ ಸ್ಕ್ರಿಪ್ಟು (ಕಮಾಂಡುಗಳನ್ನು ಬರೆದಿಟ್ಟ ಕಡತ) ಉಪಯೋಗಕ್ಕೆ ಬರುತ್ತದೆ. ಕೋಣೆಯ ಗಾಳಿಗಿಂತ ತಂಪಾಗಿ ಕಾರ್ಡನ್ನು ಇಡುವುದು ಯಾವ ಫ್ಯಾನಿನಿಂದಲೂ ಆಗದು, ಉಪ್ಪುಗಾಳಿ ಮತ್ತು ದೂಳು ಸೇರಿ ಕಟ್ಟಿಕೊಂಡ ಹೀಟ್‌ಸಿಂಕನ್ನು ಯಾವ ಸ್ಕ್ರಿಪ್ಟೂ ಶುಚಿ ಮಾಡದು; ಆದ್ದರಿಂದ ಮೊದಲು ಕ್ಯಾಬಿನೆಟ್ ಬಿಚ್ಚಿ ದೂಳು ತೆಗೆದು, ಆಮೇಲೆ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಸ್ಕ್ರಿಪ್ಟನ್ನು ಪ್ರತಿಸಲ ಕೈಯಿಂದ ಓಡಿಸಿದರೆ ಸಾಲದೇ ಎಂದು ಕೇಳಬಹುದು. ನಮ್ಮ ಜಿಲ್ಲೆಯ ಮಳೆಗಾಲವೇ ಅದಕ್ಕೆ ಉತ್ತರ. ಫ್ಯಾನಿಗೆ ಬರೆದ ವೇಗದ ಸಂಖ್ಯೆಗಳು ಡಿಸ್ಕಿನಲ್ಲಿ ಉಳಿಯುವುದಿಲ್ಲ. ಕರೆಂಟು ಹೋಗಿ ಬಂದರೆ ಡ್ರೈವರು (ಕಾರ್ಡನ್ನು ನಡೆಸುವ ತಂತ್ರಾಂಶ) ಮತ್ತೆ ತನ್ನ ಮೂಲ ರೀತಿಗೆ ಮರಳಿರುತ್ತದೆ. ಕರೆಂಟು ಬಂದೊಡನೆ ಯಂತ್ರ ತಾನೇ ಶುರುವಾಗುವಂತೆ ಬಯಾಸ್‌ನಲ್ಲಿ ಹೊಂದಿಸಿಟ್ಟವರು ಅನೇಕರಿದ್ದಾರೆ, ಮತ್ತು ಅಂಥ ಹೊತ್ತಿನಲ್ಲಿ ಲಾಗಿನ್ ಮಾಡಲು ಯಾರೂ ಯಂತ್ರದ ಮುಂದೆ ಇರುವುದಿಲ್ಲ. ಹಾಗಾಗಿ ಸ್ಕ್ರಿಪ್ಟು ಯಾರ ಲಾಗಿನ್‌ಗೂ ಕಾಯದೆ, ವ್ಯವಸ್ಥೆಯ ಜೊತೆಗೇ ಏಳಬೇಕು.

ತಾನಾಗಿ ಏಳಿಸುವುದು ಹತ್ತು ಸಾಲಿನ ಕಡತದಿಂದ ಆಗುವ ಕೆಲಸ. ಹೆಚ್ಚು ಯೋಚಿಸಬೇಕಾದದ್ದು ಅದು ನಡುವೆ ನಿಂತುಹೋದರೆ ಏನಾಗುತ್ತದೆ ಎಂಬುದನ್ನು. ಫ್ಯಾನನ್ನು ನಮ್ಮ ಕೈಗೆ ತೆಗೆದುಕೊಂಡ ಮೇಲೆ ಡ್ರೈವರು ಅದರ ಗೊಡವೆಗೆ ಬರುವುದಿಲ್ಲ. ಕಾರ್ಡು ತಣ್ಣಗಿದ್ದಾಗ ಫ್ಯಾನನ್ನು ಶೇಕಡ 30ಕ್ಕೆ ಇಳಿಸಿದ ಸ್ಕ್ರಿಪ್ಟು ಅದೇ ಕ್ಷಣದಲ್ಲಿ ಸತ್ತರೆ, ಮುಂದೆ ರೆಂಡರ್ ಶುರುವಾದಾಗಲೂ ಫ್ಯಾನು ಶೇಕಡ 30ರಲ್ಲೇ ತಿರುಗುತ್ತಿರುತ್ತದೆ. ಸ್ಕ್ರಿಪ್ಟೇ ಇಲ್ಲದ ಯಂತ್ರಕ್ಕಿಂತ ಇದು ಕೆಟ್ಟ ಸ್ಥಿತಿ. ಕೆಳಗಿನ ವಿಧಾನದಲ್ಲಿ ಅರ್ಧದಷ್ಟು ಮಾತು ಈ ಸ್ಥಿತಿ ಬಾರದಂತೆ ನೋಡಿಕೊಳ್ಳುವುದರ ಕುರಿತೇ ಇದೆ.

ಕಡತ ಮತ್ತು ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿರುತ್ತವೆ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದೆ.

ಕಾರ್ಡಿನ ಕಡತಗಳನ್ನು ಗುರುತಿಸುವುದು

ಮೊದಲು ಎಎಂಡಿ ಕಾರ್ಡನ್ನು ತೆಗೆದುಕೊಳ್ಳೋಣ, ಏಕೆಂದರೆ ಅದರ ಎಎಂಡಿಜಿಪಿಯು ಡ್ರೈವರು ಕರ್ನೆಲ್‌ನಲ್ಲೇ ಇದ್ದು, ಫ್ಯಾನನ್ನು ಸಾದಾ ಕಡತಗಳ ಮೂಲಕ ತೋರಿಸುತ್ತದೆ. ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟರೆ ಕಾರ್ಡಿನ ಪಿಸಿಐ ವಿಳಾಸ ಸಿಗುತ್ತದೆ, ಅದು 03:00.0 ಎಂದಿಟ್ಟುಕೊಳ್ಳೋಣ. ಆಗ /ಸಿಸ್/ಬಸ್/ಪಿಸಿಐ/ಡಿವೈಸಸ್/0000:03:00.0/ಎಚ್‌ಡಬ್ಲ್ಯೂಮಾನ್ ಎಂಬ ಫೋಲ್ಡರಿನೊಳಗೆ ಎಚ್‌ಡಬ್ಲ್ಯೂಮಾನ್ ಎಂಬ ಹೆಸರಿನ ಮುಂದೆ ಒಂದು ಅಂಕಿ ಇರುವ ಇನ್ನೊಂದು ಫೋಲ್ಡರು ಕಾಣುತ್ತದೆ. ಈ ಅಂಕಿ ಒಂದೇ ಆಗಿರುತ್ತದೆಂದು ನಂಬಿ ಸ್ಕ್ರಿಪ್ಟಿನಲ್ಲಿ ಬರೆದಿಡಬಾರದು. ಡ್ರೈವರುಗಳು ಎದ್ದ ಕ್ರಮಕ್ಕೆ ತಕ್ಕಂತೆ ಅಂಕಿ ಬೀಳುವುದರಿಂದ ಇಂದು 3 ಇದ್ದದ್ದು ನಾಳೆ 4 ಆಗಬಹುದು. ಡಿಆರ್‌ಎಂ ಫೋಲ್ಡರಿನಲ್ಲಿ ಕಾಣುವ ಕಾರ್ಡ್0, ಕಾರ್ಡ್1 ಎಂಬ ಹೆಸರುಗಳೂ ಹಾಗೆಯೇ. ಪ್ರೊಸೆಸರಿನೊಳಗೇ ಇನ್ನೊಂದು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಅವು ಅದಲುಬದಲಾಗಬಹುದು. ಪಿಸಿಐ ವಿಳಾಸವಾದರೋ ನೀವು ಹೊಸ ಕಾರ್ಡನ್ನು ಸೇರಿಸದ ಹೊರತು ಅಥವಾ ಸ್ಲಾಟನ್ನು ಬದಲಿಸದ ಹೊರತು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ವಿಳಾಸವನ್ನು ಪೂರ್ತಿ ಬರೆದು, ಕೊನೆಯ ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಸ್ಕ್ರಿಪ್ಟು ತಾನೇ ಹುಡುಕಿಕೊಳ್ಳುವಂತೆ ಮಾಡಬೇಕು.

ಆ ಫೋಲ್ಡರಿನಲ್ಲಿ ನಮಗೆ ಬೇಕಾದವು ಮೂರು. ಟೆಂಪ್1_ಇನ್‌ಪುಟ್ ಎಂಬುದು ಉಷ್ಣತೆಯನ್ನು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ, ಅಂದರೆ 61000 ಎಂದಿದ್ದರೆ 61 ಡಿಗ್ರಿ ಸೆಲ್ಸಿಯಸ್. ಪಿಡಬ್ಲ್ಯೂಎಂ1 ಎಂಬುದರಲ್ಲಿ ಫ್ಯಾನಿಗೆ ಹೋಗುವ ಸಂಕೇತದ ಪ್ರಮಾಣ 0ಯಿಂದ 255ರವರೆಗಿನ ಸಂಖ್ಯೆಯಾಗಿ ಇರುತ್ತದೆ. ಪಿಡಬ್ಲ್ಯೂಎಂ1_ಎನೇಬಲ್ ಎಂಬುದರಲ್ಲಿ 2 ಇದ್ದರೆ ಫ್ಯಾನು ಡ್ರೈವರಿನ ಕೈಯಲ್ಲಿದೆ, 1 ಇದ್ದರೆ ನಮ್ಮ ಕೈಯಲ್ಲಿದೆ. ಇಲ್ಲಿ 2 ಇರುವಾಗಲೇ ಪಿಡಬ್ಲ್ಯೂಎಂ1ಕ್ಕೆ ಬರೆಯಹೋದರೆ ಎಎಂಡಿಜಿಪಿಯು ಅದನ್ನು ಒಪ್ಪದೆ ದೋಷ ತೋರಿಸುತ್ತದೆ. ಟೆಂಪ್2 ಎಂಬುದೂ ನಿಮ್ಮ ಕಾರ್ಡಿನಲ್ಲಿದ್ದರೆ ಅದರ ಲೇಬಲ್ ಕಡತವನ್ನು ತೆರೆದು ನೋಡಿ. ಜಂಕ್ಷನ್ ಎಂದಿದ್ದರೆ ಅದು ಚಿಪ್ಪಿನ ಅತಿ ಬಿಸಿಯಾದ ಜಾಗದ ಅಳತೆ. ಟೆಂಪ್1 ತೋರಿಸುವ ಎಡ್ಜ್ ಉಷ್ಣತೆಗಿಂತ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅದರ ಪಕ್ಕದಲ್ಲೇ ಇರುವ ಕ್ರಿಟ್ ಕಡತದಲ್ಲಿ ಆ ಕಾರ್ಡಿಗೆ ನಿಗದಿಯಾದ ಮಿತಿ ಸಿಗುವುದರಿಂದ ಅಂತರ್ಜಾಲದಲ್ಲಿ ಯಾರೋ ಬರೆದ ಮಿತಿಯನ್ನು ನೆಚ್ಚಬೇಕಾಗಿಲ್ಲ.

ಮೊದಲ ಪರೀಕ್ಷೆಯನ್ನು ಟರ್ಮಿನಲ್‌ನಲ್ಲಿ ಕೈಯಿಂದಲೇ ಮಾಡಿ: ಎನೇಬಲ್ ಕಡತಕ್ಕೆ 1, ಪಿಡಬ್ಲ್ಯೂಎಂ1ಕ್ಕೆ 150 ಬರೆದರೆ ಫ್ಯಾನಿನ ಸದ್ದು ಬದಲಾಗಬೇಕು. ರೂಟ್ ಎಂಬ ಪೂರ್ಣಾಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಹಾಕಿ ಎಕೋ ಎಂದು ಬರೆದು ಬಾಣದ ಗುರುತಿನಿಂದ (>) ಕಡತಕ್ಕೆ ಕಳಿಸಿದರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ, ಏಕೆಂದರೆ ಬಾಣದ ಕೆಲಸ ಮಾಡುವುದು ಟೈಪ್ ಮಾಡಿದ ಕಮಾಂಡುಗಳನ್ನು ಓದಿ ನಡೆಸುವ ನಿಮ್ಮ ಶೆಲ್, ಸುಡೋ ಅಲ್ಲ. ಎಕೋದ ಫಲವನ್ನು ಪೈಪಿನ ಮೂಲಕ ಸುಡೋ ಟೀ ಕಮಾಂಡಿಗೆ ಕೊಟ್ಟರೆ ಕೆಲಸವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ 2 ಬರೆದು ಬಿಡಲು ಮರೆಯಬಾರದು. ಲ್ಯಾಪ್‌ಟಾಪುಗಳಲ್ಲಿ ಫ್ಯಾನು ಬೇರೆಯೇ ನಿಯಂತ್ರಕದ ಕೈಯಲ್ಲಿರುವುದರಿಂದ ಈ ಪಿಡಬ್ಲ್ಯೂಎಂ1 ಕಡತ ಸಾಮಾನ್ಯವಾಗಿ ಇರುವುದೇ ಇಲ್ಲ. ಈ ಲೇಖನ ಡೆಸ್ಕ್‌ಟಾಪಿನವರಿಗೆ.

ಸ್ಕ್ರಿಪ್ಟಿನೊಳಗೆ ಏನಿರಬೇಕು

ಸ್ಕ್ರಿಪ್ಟಿನ ಹೆಸರು ಜಿಪಿಯುಫ್ಯಾನ್ ಎಂದಿರಲಿ. ಅದನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಡಬೇಡಿ. /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಎಂಬಲ್ಲಿ ಇಟ್ಟು, ಒಡೆತನವನ್ನು ರೂಟ್‌ಗೆ ಕೊಟ್ಟು, ಅನುಮತಿಯನ್ನು 755 (ಒಡೆಯ ಮಾತ್ರ ತಿದ್ದಬಹುದು, ಉಳಿದವರು ಓದಿ ಓಡಿಸಬಹುದು) ಎಂದು ಮಾಡಿ. ಇದು ಬರಿಯ ಶಿಸ್ತಿನ ಮಾತಲ್ಲ. ರೂಟ್ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟನ್ನು ಸಾಮಾನ್ಯ ಬಳಕೆದಾರ ತಿದ್ದಬಹುದಾದರೆ, ಅವನ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಮಿಗೆ ಇಡೀ ಯಂತ್ರದ ಕೀಲಿಕೈ ಸಿಕ್ಕಂತಾಗುತ್ತದೆ. ಜೊತೆಗೆ ಫೆಡೋರಾದಂಥ ವಿತರಣೆಗಳಲ್ಲಿ ಹೋಮ್ ಫೋಲ್ಡರಿನ ಸ್ಕ್ರಿಪ್ಟನ್ನು ಸರ್ವಿಸಾಗಿ (ವ್ಯವಸ್ಥೆಯೇ ಹಿನ್ನೆಲೆಯಲ್ಲಿ ನಡೆಸುವ ಕೆಲಸವಾಗಿ) ಓಡಿಸಲು ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಅಡ್ಡಿ ಮಾಡುತ್ತದೆ, ಮತ್ತು ಆ ದೋಷದ ಮೂಲವನ್ನು ಹುಡುಕುವುದು ಹೊಸಬರಿಗೆ ತಲೆನೋವು.

ಸ್ಕ್ರಿಪ್ಟಿನ ಹೃದಯ ಒಂದು ಸುತ್ತು: ಉಷ್ಣತೆ ಓದು, ತಕ್ಕ ವೇಗವನ್ನು ಲೆಕ್ಕ ಹಾಕು, ಬರೆ, ಎರಡು-ಮೂರು ಸೆಕೆಂಡು ಮಲಗು, ಮತ್ತೆ ಓದು. ವೇಗದ ಲೆಕ್ಕಕ್ಕೆ ನಾಲ್ಕು ಬಿಂದುಗಳು ಸಾಕು. ಉದಾಹರಣೆಗೆ 45 ಡಿಗ್ರಿಗೆ 77, 60 ಡಿಗ್ರಿಗೆ 128, 75 ಡಿಗ್ರಿಗೆ 204, 85 ಡಿಗ್ರಿಗೆ 255. ಅಂದರೆ ಕ್ರಮವಾಗಿ ಸುಮಾರು ಶೇಕಡ 30, 50, 80 ಮತ್ತು 100. ಎರಡು ಬಿಂದುಗಳ ನಡುವಿನ ಉಷ್ಣತೆಗೆ ಅನುಪಾತದಿಂದ ವೇಗ ಕಂಡುಹಿಡಿಯಬೇಕು. 66 ಡಿಗ್ರಿಗೆ ಲೆಕ್ಕ ಹೀಗಿದೆ: 60ರಿಂದ ಮೇಲೆ 6 ಡಿಗ್ರಿ, ಬಿಂದುಗಳ ಅಂತರ 15 ಡಿಗ್ರಿ, ವೇಗದ ಅಂತರ 76, ಆದ್ದರಿಂದ 6ನ್ನು 76ರಿಂದ ಗುಣಿಸಿ 15ರಿಂದ ಭಾಗಿಸಿದರೆ 30, ಅದನ್ನು 128ಕ್ಕೆ ಕೂಡಿಸಿದರೆ 158. ಬ್ಯಾಷ್ ಶೆಲ್ಲಿಗೆ ಪೂರ್ಣಾಂಕದ ಲೆಕ್ಕ ಮಾತ್ರ ಬರುವುದರಿಂದ ಮೊದಲು ಗುಣಾಕಾರ, ಆಮೇಲೆ ಭಾಗಾಕಾರ ಎಂಬ ಕ್ರಮ ತಪ್ಪಬಾರದು. 6ನ್ನು 15ರಿಂದ ಮೊದಲೇ ಭಾಗಿಸಿದರೆ ಸೊನ್ನೆ ಬಂದು, 74 ಡಿಗ್ರಿಯವರೆಗೂ ಫ್ಯಾನು 128ರಲ್ಲೇ ಕೂತಿರುತ್ತದೆ.

ಉಷ್ಣತೆ ಒಂದು ಡಿಗ್ರಿ ಏರಿದಾಗ, ಇಳಿದಾಗೆಲ್ಲ ವೇಗ ಬದಲಿಸಿದರೆ ಫ್ಯಾನಿನ ಸದ್ದು ಉಬ್ಬಸದಂತೆ ಏರಿಳಿಯುತ್ತ ಕೇಳುವವರಿಗೆ ಕಿರಿಕಿರಿ ಮಾಡುತ್ತದೆ. ಏರುವಾಗ ತಕ್ಷಣ ವೇಗ ಹೆಚ್ಚಿಸಿ, ಇಳಿಯುವಾಗ ಮಾತ್ರ ನಾಲ್ಕು ಡಿಗ್ರಿಯಷ್ಟು ಇಳಿದ ಮೇಲೆ ವೇಗ ತಗ್ಗಿಸುವಂತೆ ಬರೆದರೆ ಇದು ನಿಲ್ಲುತ್ತದೆ. ಬಿಂದುಗಳು ಎಲ್ಲರಿಗೂ ಒಂದೇ ಆಗಿರಬೇಕಾಗಿಲ್ಲ. ಕಾರವಾರದಲ್ಲಿ ಹೊಂದಿಸಿದ ಯಂತ್ರವನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ದರೆ, ಅಲ್ಲಿನ ಡಿಸೆಂಬರಿನ ಚಳಿಯಲ್ಲಿ ಅದೇ ಬಿಂದುಗಳು ಅನಗತ್ಯ ಸದ್ದು ಮಾಡಬಹುದು.

ಈಗ ಮುಖ್ಯ ವಿಷಯ. ಉಷ್ಣತೆಯ ಕಡತವನ್ನು ಓದಿದಾಗ ಸಂಖ್ಯೆಯ ಬದಲು ಖಾಲಿ ಬಂದರೆ ಅಥವಾ ಓದಲಾಗದಿದ್ದರೆ ಸ್ಕ್ರಿಪ್ಟು ಊಹೆಯ ಮೇಲೆ ಮುಂದುವರಿಯಬಾರದು. ಸೊನ್ನೆಯಲ್ಲದ ನಿರ್ಗಮನ ಸಂಖ್ಯೆಯೊಂದಿಗೆ ಅಲ್ಲೇ ಹೊರಬೀಳಬೇಕು. ಖಾಲಿಯನ್ನು ಶೆಲ್ ಲೆಕ್ಕದಲ್ಲಿ ಸೊನ್ನೆಯೆಂದು ಎಣಿಸಿಬಿಟ್ಟರೆ, ಕಾರ್ಡು ತಣ್ಣಗಿದೆಯೆಂದು ತಿಳಿದು ಸ್ಕ್ರಿಪ್ಟು ಫ್ಯಾನನ್ನು ಇಳಿಸುತ್ತದೆ. ಎರಡನೆಯದಾಗಿ, ಸ್ಕ್ರಿಪ್ಟಿಗೆ ಆಟೋ ಎಂಬ ಆರ್ಗ್ಯುಮೆಂಟ್ ಕೊಟ್ಟು ಓಡಿಸಿದರೆ ಅದು ಸುತ್ತನ್ನು ಪ್ರವೇಶಿಸದೆ, ಎನೇಬಲ್ ಕಡತಕ್ಕೆ 2 ಬರೆದು ಮುಗಿಯಬೇಕು. ಇದನ್ನು ಯಾರು, ಯಾವಾಗ ಓಡಿಸುತ್ತಾರೆ ಎಂಬುದು ಮುಂದೆ ಬರುತ್ತದೆ. ಮೂರನೆಯದಾಗಿ, ಶುರುವಿನಲ್ಲಿ ಪಿಡಬ್ಲ್ಯೂಎಂ1 ಕಡತ ಇನ್ನೂ ಹುಟ್ಟಿರದಿದ್ದರೆ ಒಂದೊಂದು ಸೆಕೆಂಡು ಬಿಟ್ಟು ಮೂವತ್ತು ಸಲ ಹುಡುಕಿ, ಆಗಲೂ ಸಿಗದಿದ್ದರೆ ದೋಷದೊಂದಿಗೆ ಹೊರಬರಬೇಕು.

ಸರ್ವಿಸ್ ಕಡತ

ತಾನಾಗಿ ಓಡಿಸಲು ಹಳೆಯ ದಾರಿಗಳು ಹಲವಿವೆ. ಆರ್‌ಸಿ.ಲೋಕಲ್ ಕಡತದಲ್ಲಿ ಒಂದು ಸಾಲು ಸೇರಿಸುವುದು, ಕ್ರಾಂಟ್ಯಾಬಿನಲ್ಲಿ ರೀಬೂಟ್ ಎಂಬ ಗುರುತಿನ ಮುಂದೆ ಬರೆಯುವುದು ಇವೆಲ್ಲ ಸ್ಕ್ರಿಪ್ಟನ್ನು ಏಳಿಸುತ್ತವೆ ನಿಜ. ಎದ್ದ ಮೇಲೆ ಅದು ಬದುಕಿದೆಯೋ ಸತ್ತಿದೆಯೋ ಎಂದು ನೋಡುವವರು ಯಾರೂ ಇಲ್ಲ. ಲಿನಕ್ಸ್ ಶುರುವಾಗುವಾಗ ಸರ್ವಿಸುಗಳನ್ನು ಏಳಿಸಿ ನೋಡಿಕೊಳ್ಳುವ ಸಿಸ್ಟಂಡಿ ಅದನ್ನು ನೋಡುತ್ತದೆ. 2010ರಲ್ಲಿ ಹೊರಬಂದ ಇದು ಡೆಬಿಯನ್ 8 ಮತ್ತು ಉಬುಂಟು 15.04ರಿಂದ, ಅಂದರೆ 2015ರಿಂದ ಆ ವಿತರಣೆಗಳ ಮೂಲ ವ್ಯವಸ್ಥೆಯಾಗಿದೆ; ಆಲ್ಪೈನ್, ವಾಯ್ಡ್‌ನಂಥ ಕೆಲವನ್ನು ಬಿಟ್ಟರೆ ನೀವು ಬಳಸುತ್ತಿರುವ ಲಿನಕ್ಸಿನಲ್ಲೂ ಬಹುಶಃ ಅದೇ ಇದೆ.

/ಇಟಿಸಿ/ಸಿಸ್ಟಂಡಿ/ಸಿಸ್ಟಂ ಫೋಲ್ಡರಿನಲ್ಲಿ ಜಿಪಿಯುಫ್ಯಾನ್.ಸರ್ವಿಸ್ ಎಂಬ ಕಡತ ಮಾಡಿ. ಅದರಲ್ಲಿ ಯೂನಿಟ್, ಸರ್ವಿಸ್, ಇನ್‌ಸ್ಟಾಲ್ ಎಂಬ ಮೂರು ವಿಭಾಗಗಳಿರುತ್ತವೆ. ಪ್ರತಿಯೊಂದರ ಹೆಸರೂ ಚೌಕ ಆವರಣದೊಳಗೆ, ಮೊದಲಕ್ಷರ ದೊಡ್ಡದಾಗಿ ಇರಬೇಕು. ಯೂನಿಟ್ ವಿಭಾಗದಲ್ಲಿ ಡಿಸ್ಕ್ರಿಪ್ಷನ್ ಎಂಬ ಒಂದು ಸಾಲು ಸಾಕು. ಸರ್ವಿಸ್ ವಿಭಾಗದಲ್ಲಿ ಟೈಪ್ ಎಂಬುದಕ್ಕೆ ಸಿಂಪಲ್, ಎಕ್ಸೆಕ್‌ಸ್ಟಾರ್ಟ್ ಎಂಬುದಕ್ಕೆ ಸ್ಕ್ರಿಪ್ಟಿನ ಪೂರ್ತಿ ವಿಳಾಸ, ಎಕ್ಸೆಕ್‌ಸ್ಟಾಪ್‌ಪೋಸ್ಟ್ ಎಂಬುದಕ್ಕೆ ಅದೇ ವಿಳಾಸದ ಮುಂದೆ ಆಟೋ, ರೀಸ್ಟಾರ್ಟ್ ಎಂಬುದಕ್ಕೆ ಆನ್-ಫೇಲ್ಯೂರ್, ರೀಸ್ಟಾರ್ಟ್‌ಸೆಕ್ ಎಂಬುದಕ್ಕೆ 5 ಎಂದು ಬರೆಯಿರಿ. ಇನ್‌ಸ್ಟಾಲ್ ವಿಭಾಗದಲ್ಲಿ ವಾಂಟೆಡ್‌ಬೈ ಎಂಬುದಕ್ಕೆ ಮಲ್ಟಿ-ಯೂಸರ್.ಟಾರ್ಗೆಟ್ ಬರಬೇಕು. ಈ ಎಡಬದಿಯ ಹೆಸರುಗಳಲ್ಲಿ ಕೂಡಿಕೊಂಡ ಪ್ರತಿ ಪದದ ಮೊದಲಕ್ಷರ ದೊಡ್ಡದು. ಎಕ್ಸೆಕ್‌ಸ್ಟಾಪ್‌ಪೋಸ್ಟ್‌ನಲ್ಲಿ ಹೀಗೆ ಮೂರು ದೊಡ್ಡಕ್ಷರ. ರೀಸ್ಟಾರ್ಟ್ ಎಂಬುದು ಒಂದೇ ಪದ, ಒಂದೇ ದೊಡ್ಡಕ್ಷರ. ತಪ್ಪಾಗಿ ಬರೆದ ಸಾಲನ್ನು ಸಿಸ್ಟಂಡಿ ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಬಿಟ್ಟುಬಿಡುತ್ತದೆ, ಸರ್ವಿಸನ್ನು ನಿಲ್ಲಿಸುವುದಿಲ್ಲ. ಅಂದರೆ ಎಕ್ಸೆಕ್‌ಸ್ಟಾಪ್‌ಪೋಸ್ಟ್‌ನಲ್ಲಿ ಕಾಗುಣಿತ ತಪ್ಪಿದರೆ ನಿಮ್ಮ ರಕ್ಷಣೆ ಇಲ್ಲವಾದದ್ದು ಗೊತ್ತೇ ಆಗದಿರಬಹುದು. ಸಿಸ್ಟಂಡಿ-ಅನಲೈಸ್ ವೆರಿಫೈ ಎಂಬ ಕಮಾಂಡಿಗೆ ಈ ಕಡತವನ್ನು ಕೊಟ್ಟರೆ ಇಂಥ ತಪ್ಪನ್ನು ಹೇಳುತ್ತದೆ.

ಎಕ್ಸೆಕ್‌ಸ್ಟಾಪ್‌ಪೋಸ್ಟ್ ಏಕೆ ಎಂಬುದನ್ನು ಬಿಡಿಸಿ ಹೇಳಬೇಕು. ಸ್ಕ್ರಿಪ್ಟಿನೊಳಗೇ ಟ್ರ್ಯಾಪ್ ಎಂಬ ಕಮಾಂಡ್ ಬಳಸಿ, ಹೊರಬೀಳುವಾಗ 2 ಬರೆ ಎಂದು ಹೇಳುವ ರೂಢಿಯಿದೆ. ಆದರೆ ಮೆಮೊರಿ ಸಾಲದೆ ಕರ್ನೆಲ್ ಸ್ಕ್ರಿಪ್ಟನ್ನು ಕೊಂದರೆ, ಅಥವಾ ಯಾರಾದರೂ ಕಿಲ್ ಕಮಾಂಡಿಗೆ 9 ಹಾಕಿ ಕಳಿಸಿದರೆ, ಟ್ರ್ಯಾಪ್ ಓಡುವುದೇ ಇಲ್ಲ. ಎಕ್ಸೆಕ್‌ಸ್ಟಾಪ್‌ಪೋಸ್ಟ್ ಅನ್ನು ಓಡಿಸುವುದು ಸಿಸ್ಟಂಡಿ. ಸ್ಕ್ರಿಪ್ಟು ಸರಿಯಾಗಿ ನಿಂತರೂ, ಕುಸಿದರೂ, ಶುರುವಿನಲ್ಲೇ ಸೋತರೂ ಅದು ಓಡುತ್ತದೆ. ಎಕ್ಸೆಕ್‌ಸ್ಟಾಪ್ ಎಂಬ ಇನ್ನೊಂದು ಸಾಲು ಇದೆ. ಅದು ಸರ್ವಿಸು ಶುರುವಿನಲ್ಲೇ ಸೋತಾಗ ಓಡದು, ಆದ್ದರಿಂದ ಇಲ್ಲಿ ಅದನ್ನು ನೆಚ್ಚಬಾರದು. ಪ್ರತ್ಯೇಕ ಸ್ಕ್ರಿಪ್ಟಿನ ಗೊಡವೆ ಬೇಡವೆಂದು ಈ ಸಾಲಿನಲ್ಲೇ ಎಕೋ, ಬಾಣ, ನಕ್ಷತ್ರ ಎಲ್ಲವನ್ನೂ ಬರೆಯುವ ಆಸೆಯಾಗಬಹುದು. ಸಿಸ್ಟಂಡಿ ಈ ಸಾಲುಗಳನ್ನು ಶೆಲ್ಲಿನ ಮೂಲಕ ಓಡಿಸುವುದಿಲ್ಲವಾದ್ದರಿಂದ ಬಾಣಕ್ಕೂ ನಕ್ಷತ್ರಕ್ಕೂ ಅಲ್ಲಿ ಅರ್ಥವಿಲ್ಲ.

ಸಾಯದೆ ನೇತುಬಿದ್ದ ಸ್ಕ್ರಿಪ್ಟಿಗೆ ಇವು ಯಾವುವೂ ಔಷಧವಲ್ಲ. ಅದಕ್ಕೆ ಸರ್ವಿಸ್ ವಿಭಾಗದಲ್ಲಿ ವಾಚ್‌ಡಾಗ್‌ಸೆಕ್ ಎಂಬುದಕ್ಕೆ 30, ನೋಟಿಫೈಆಕ್ಸೆಸ್ ಎಂಬುದಕ್ಕೆ ಆಲ್ ಎಂದು ಸೇರಿಸಿ, ಸ್ಕ್ರಿಪ್ಟಿನ ಪ್ರತಿ ಸುತ್ತಿನಲ್ಲಿ ಸಿಸ್ಟಂಡಿ-ನೋಟಿಫೈ ಕಮಾಂಡಿಗೆ ವಾಚ್‌ಡಾಗ್=1 ಎಂದು ಕೊಡಬೇಕು; ಇಲ್ಲಿ ವಾಚ್‌ಡಾಗ್ ಪೂರ್ತಿ ದೊಡ್ಡಕ್ಷರದಲ್ಲಿ. ಮೂವತ್ತು ಸೆಕೆಂಡು ಸುದ್ದಿ ಬರದಿದ್ದರೆ ಸಿಸ್ಟಂಡಿ ಸ್ಕ್ರಿಪ್ಟನ್ನು ಕೊಂದು, ಫ್ಯಾನನ್ನು ಡ್ರೈವರಿಗೆ ಒಪ್ಪಿಸಿ, ಐದು ಸೆಕೆಂಡಿನ ಮೇಲೆ ಮತ್ತೆ ಏಳಿಸುತ್ತದೆ. ಮನೆಯ ಯಂತ್ರಕ್ಕೆ ಇದು ಅತಿಯೆನಿಸಬಹುದು, ಆದರೆ ರಾತ್ರಿಯಿಡೀ ಒಂಟಿಯಾಗಿ ಓಡುವ ಯಂತ್ರಕ್ಕೆ ನಾನು ಇದನ್ನು ಬಿಡುವುದಿಲ್ಲ.

ಪರೀಕ್ಷಿಸಿದ ಮೇಲೆ ಎನೇಬಲ್

ಕಡತ ಬರೆದ ಮೇಲೆ ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್ ಕೊಡಿ. ಕೂಡಲೇ ಸರ್ವಿಸನ್ನು ಎನೇಬಲ್ ಮಾಡುವ, ಅಂದರೆ ಪ್ರತಿ ಬೂಟಿನಲ್ಲೂ ತಾನಾಗಿ ಏಳುವಂತೆ ಮಾಡುವ ಆತುರ ಬೇಡ. ಮೊದಲು ಸ್ಟಾರ್ಟ್ ಕೊಟ್ಟು, ಸ್ಟೇಟಸ್ ನೋಡಿ, ಇನ್ನೊಂದು ಕಿಟಕಿಯಲ್ಲಿ ಸೆನ್ಸರ್ಸ್ ಕಮಾಂಡನ್ನು ವಾಚ್ ಜೊತೆ ಓಡಿಸಿ ಉಷ್ಣತೆ ಮತ್ತು ಫ್ಯಾನಿನ ಸುತ್ತುಗಳನ್ನು ಗಮನಿಸಿ. ಬ್ಲೆಂಡರಿನಲ್ಲೋ ಬೇರೆ ಯಾವುದರಲ್ಲೋ ಹತ್ತು ನಿಮಿಷ ಭಾರ ಹಾಕಿದರೆ ಬಿಂದುಗಳು ಸರಿಯಿವೆಯೇ ಎಂದು ತಿಳಿಯುತ್ತದೆ. ಆಮೇಲೆ ಸ್ಟಾಪ್ ಕೊಟ್ಟು ಎನೇಬಲ್ ಕಡತದಲ್ಲಿ 2 ಬಂದಿದೆಯೇ ನೋಡಿ. ಮತ್ತೆ ಸ್ಟಾರ್ಟ್ ಮಾಡಿ, ಸಿಸ್ಟಂಸಿಟಿಎಲ್ ಕಿಲ್ ಕಮಾಂಡಿನಿಂದ ಸಿಗ್‌ಕಿಲ್ (ಪೂರ್ತಿ ದೊಡ್ಡಕ್ಷರದಲ್ಲಿ) ಸಂಕೇತ ಕಳಿಸಿ. ಐದು ಸೆಕೆಂಡು ಆ ಕಡತದಲ್ಲಿ 2 ಇದ್ದು, ಆಮೇಲೆ 1 ಆದರೆ ನಿಮ್ಮ ವ್ಯವಸ್ಥೆ ನಂಬಲು ಯೋಗ್ಯ. ಈ ಕೊನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದಿಲ್ಲ. ಇಷ್ಟಾದ ಮೇಲೆ ಎನೇಬಲ್ ಮಾಡಿ, ಯಂತ್ರವನ್ನು ರೀಬೂಟ್ ಮಾಡಿ, ಲಾಗಿನ್ ಪರದೆಯಲ್ಲೇ ಫ್ಯಾನಿನ ಸದ್ದು ಕೇಳಿ; ಒಳಹೊಕ್ಕು ಜರ್ನಲ್‌ಸಿಟಿಎಲ್ ಕಮಾಂಡಿಗೆ ಮೈನಸ್ ಬಿ, ಮೈನಸ್ ಯು ಮತ್ತು ಸರ್ವಿಸಿನ ಹೆಸರು ಕೊಟ್ಟರೆ ಈ ಸಲದ ಬೂಟಿನ ಲಾಗ್ ಸಿಗುತ್ತದೆ. ಸ್ಕ್ರಿಪ್ಟು ಪ್ರತಿ ಸುತ್ತಿಗೂ ಒಂದು ಸಾಲು ಬರೆದರೆ ಈ ಲಾಗ್ ಓದಲಾರದಷ್ಟು ಉದ್ದವಾಗುವುದರಿಂದ, ಎದ್ದಾಗ ಮತ್ತು ದೋಷ ಬಂದಾಗ ಮಾತ್ರ ಬರೆಯಲಿ.

ಯಂತ್ರವನ್ನು ಸಸ್ಪೆಂಡ್ ಮಾಡುವವರಿಗೆ ಇನ್ನೊಂದು ಮಾತು. ನಿದ್ದೆಯಿಂದ ಎದ್ದಾಗ ಡ್ರೈವರು ಫ್ಯಾನನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿರಬಹುದು. ಶುರುವಿನಲ್ಲಿ ಒಮ್ಮೆ ಮಾತ್ರ 1 ಬರೆಯುವ ಸ್ಕ್ರಿಪ್ಟು ಆಮೇಲೆ ವ್ಯರ್ಥವಾಗಿ ಪಿಡಬ್ಲ್ಯೂಎಂ1ಕ್ಕೆ ಬರೆಯುತ್ತ ದೋಷ ಪಡೆಯುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಎನೇಬಲ್ ಕಡತವನ್ನು ಓದಿ, 1 ಅಲ್ಲದಿದ್ದರೆ 1 ಬರೆಯುವಂತೆ ಮಾಡಿದರೆ ಸಸ್ಪೆಂಡ್‌ಗೆಂದೇ ಬೇರೆ ಸ್ಕ್ರಿಪ್ಟು ಬೇಕಾಗುವುದಿಲ್ಲ.

ಹೊಸ ಎಎಂಡಿ ಕಾರ್ಡು ಮತ್ತು ಎನ್ವಿಡಿಯಾ

ಆರ್‌ಎಕ್ಸ್ 7000 ಸರಣಿಯ ಕಾರ್ಡುಗಳಲ್ಲಿ ಮೇಲಿನ ರೀತಿ ನಡೆಯುವುದಿಲ್ಲ. ಅಲ್ಲಿ ಕರ್ನೆಲ್ 6.7ರಿಂದ ಈಚೆಗೆ, ಕಾರ್ಡಿನ ಡಿವೈಸ್ ಫೋಲ್ಡರಿನ ಒಳಗಿರುವ ಜಿಪಿಯು_ಒಡಿ/ಫ್ಯಾನ್_ಸಿಟಿಆರ್‌ಎಲ್/ಫ್ಯಾನ್_ಕರ್ವ್ ಎಂಬ ಕಡತಕ್ಕೆ ಐದು ಬಿಂದುಗಳನ್ನು ಬರೆಯಬೇಕು. ಒಂದೊಂದು ಬಿಂದುವಿಗೂ ಸೊನ್ನೆಯಿಂದ ಶುರುವಾಗುವ ಕ್ರಮಸಂಖ್ಯೆ, ಉಷ್ಣತೆ, ಶೇಕಡಾವಾರು ವೇಗ ಎಂಬ ಮೂರು ಸಂಖ್ಯೆಗಳು. ಕೊನೆಗೆ ಸಿ ಅಕ್ಷರ ಬರೆದರೆ ಜಾರಿಗೆ ಬರುತ್ತದೆ, ಆರ್ ಬರೆದರೆ ಮೂಲಸ್ಥಿತಿಗೆ ಮರಳುತ್ತದೆ. ಯಾವ ಸಂಖ್ಯೆಗಳಿಗೆ ಅವಕಾಶವಿದೆ ಎಂಬುದು ಅದೇ ಕಡತವನ್ನು ಓದಿದರೆ ತಿಳಿಯುತ್ತದೆ. ಈ ಕಡತ ಕಾಣಬೇಕಾದರೆ ಎಎಂಡಿಜಿಪಿಯು.ಪಿಪಿಫೀಚರ್‌ಮಾಸ್ಕ್ ಎಂಬ ಬೂಟ್ ಆಯ್ಕೆಯ ಮೂಲಕ ಓವರ್‌ಡ್ರೈವ್ (ಕಾರ್ಡಿನ ಹೊಂದಿಕೆಗಳನ್ನು ಬಳಕೆದಾರ ತಿದ್ದಲು ಬಿಡುವ ಸೌಲಭ್ಯ) ತೆರೆದಿರಬೇಕು. ಇಲ್ಲಿ ಬಿಂದುಗಳನ್ನು ನೋಡಿ ಫ್ಯಾನು ತಿರುಗಿಸುವುದು ಕಾರ್ಡಿನ ಫರ್ಮ್‌ವೇರ್. ಸುತ್ತು ಹೊಡೆಯುವ ಸ್ಕ್ರಿಪ್ಟೇ ಇಲ್ಲದ್ದರಿಂದ ಅದು ಸಾಯುವ ಭಯವೂ ಇಲ್ಲ. ಸರ್ವಿಸಿನ ಟೈಪನ್ನು ಒನ್‌ಶಾಟ್ ಎಂದು ಮಾಡಿ, ರಿಮೇನ್‌ಆಫ್ಟರ್‌ಎಕ್ಸಿಟ್ ಎಂಬುದಕ್ಕೆ ಯೆಸ್ ಎಂದರೆ ಸಾಕು. ನಿಮ್ಮ ಕಾರ್ಡಿಗೆ ಈ ಸೌಲಭ್ಯವಿದ್ದರೆ ಬೇರೆ ದಾರಿ ಹುಡುಕಬೇಡಿ.

ಎನ್ವಿಡಿಯಾದ ಸ್ವಂತ ಡ್ರೈವರಿನಲ್ಲಿ ಪಿಡಬ್ಲ್ಯೂಎಂ1 ಕಡತ ಇರುವುದಿಲ್ಲ. ಎನ್ವಿಡಿಯಾ-ಸೆಟ್ಟಿಂಗ್ಸ್ ಕಮಾಂಡಿನಿಂದ ವೇಗ ಹೊಂದಿಸಬಹುದು. ಹಳೆಯ ಡ್ರೈವರುಗಳಲ್ಲಿ ಅದಕ್ಕೆ ಎಕ್ಸ್ ಸರ್ವರ್ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಪ್ರೋಗ್ರಾಮು) ಓಡುತ್ತಿರಬೇಕು, ಅದರ ಸಂರಚನೆಯಲ್ಲಿ ಕೂಲ್‌ಬಿಟ್ಸ್ ಎಂಬುದಕ್ಕೆ 4 ಎಂದು ಬರೆದಿರಬೇಕು. ಹಾಗಾಗಿ ಅದನ್ನು ಲಾಗಿನ್ ಆದ ಮೇಲೆ, ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗಿನ ಆಟೋಸ್ಟಾರ್ಟ್‌ನಲ್ಲಿ ಡೆಸ್ಕ್‌ಟಾಪ್ ಕಡತ ಇಟ್ಟು ಓಡಿಸುವುದು ರೂಢಿ. ಕರೆಂಟು ಹೋಗಿ ಬಂದು ತಾನೇ ಎದ್ದು ಲಾಗಿನ್ ಪರದೆಯಲ್ಲಿ ನಿಂತ ಯಂತ್ರಕ್ಕೆ ಇದರಿಂದ ಪ್ರಯೋಜನವಿಲ್ಲ. ಹೊಸ ಡ್ರೈವರು ಇದ್ದರೆ ಕಾರ್ಡನ್ನು ಪ್ರೋಗ್ರಾಮಿನಿಂದ ನಿಯಂತ್ರಿಸಲು ಎನ್ವಿಡಿಯಾ ಕೊಡುವ ಎನ್‌ವಿಎಂಎಲ್ ಲೈಬ್ರರಿಯನ್ನು ಪೈಥಾನಿನಿಂದ ರೂಟ್ ಅಧಿಕಾರದಲ್ಲಿ ಕರೆದು, ಎಕ್ಸ್ ಇಲ್ಲದೆಯೇ ಫ್ಯಾನಿನ ವೇಗ ಹೊಂದಿಸಬಹುದು, ಮತ್ತು ವೇಗವನ್ನು ಮೂಲಸ್ಥಿತಿಗೆ ಮರಳಿಸುವ ಕರೆಯೂ ಅದರಲ್ಲೇ ಇದೆ. ಅದನ್ನು ಮೇಲೆ ಹೇಳಿದ ಸರ್ವಿಸ್ ಕಡತಕ್ಕೇ ಜೋಡಿಸಿ, ಆಟೋ ಆರ್ಗ್ಯುಮೆಂಟಿನ ಜಾಗದಲ್ಲಿ ಮರಳಿಸುವ ಕರೆಯನ್ನು ಇಡಿ.

ಮುಂದೆ ಮಳೆಗಾಲಕ್ಕೋ ಬೇಸಿಗೆಗೋ ತಕ್ಕಂತೆ ಬಿಂದುಗಳನ್ನು ತಿದ್ದಿದಾಗ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಸಾಕು. ಡೀಮನ್-ರೀಲೋಡ್ ಬೇಕಾಗುವುದು ಸರ್ವಿಸ್ ಕಡತವನ್ನೇ ತಿದ್ದಿದಾಗ ಮಾತ್ರ. ಕಾರ್ಡು ಬದಲಿಸುವ ಮುನ್ನ ಡಿಸೇಬಲ್ ಮಾಡಿ, ಹೊಸ ಕಾರ್ಡಿನ ಪಿಸಿಐ ವಿಳಾಸವನ್ನು ಎಲ್‌ಎಸ್‌ಪಿಸಿಐಯಿಂದ ಮತ್ತೆ ನೋಡಿಕೊಂಡು ಸ್ಕ್ರಿಪ್ಟಿನಲ್ಲಿ ತಿದ್ದಿದ ಮೇಲೆಯೇ ಎನೇಬಲ್ ಮಾಡಬೇಕು.